ಕಾಲುವೆ ಪಕ್ಕದ ಶಿಲಾಯುಗ: ಬೂದಿದಿಬ್ಬ ಹುಡುಕಿದ ನನ್ನ ಅನುಭವ

"ಕಂಪ್ಯೂಟರ್ ಮುಂದೆ ಕೂತ್ರೆ ಬೂದಿದಿಬ್ಬ ಸಿಗೋ ಹಾಗಿದ್ರೆ ನಾವ್ಯಾಕಪ್ಪ ನಲವತ್ತು ವರ್ಷ ಬಿಸಿಲಲ್ಲಿ ಸುತ್ತಿದ್ವಿ?" ಬೂದಿದಿಬ್ಬ ಅಂದರೆ ನವಶಿಲಾಯುಗದ ಜನ ದನದ ಸಗಣಿ ಸುಟ್ಟಿದ್ದರಿಂದ ಆದ ಬೂದಿಯ ಗುಡ್ಡೆ. ಅಂಥವು ಎಲ್ಲಿ ಸಿಗಬಹುದು ಅಂತ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದ ಮೊದಲ ನಕ್ಷೆ ತೋರಿಸಿದಾಗ ಹಿರಿಯರೊಬ್ಬರು ಕೇಳಿದ ಪ್ರಶ್ನೆ ಇದು. ಚಹಾ ಕುಡಿಯುತ್ತಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಅವರು ನಕ್ಕಿದ್ದರಲ್ಲಿ ತಪ್ಪೇನಿರಲಿಲ್ಲ. ಮೊದಲ ಎರಡು ವರ್ಷ ನಕ್ಷೆ ಕೆಂಪಾಗಿ, ಅಂದರೆ ನೆಲೆ ಇರಬಹುದು ಅಂತ, ತೋರಿಸಿದ ಕಡೆ ಹೋದರೆ ಸಿಕ್ಕಿದ್ದು ಇಟ್ಟಿಗೆ ಗೂಡಿನ ಬೂದಿ, ಬಳ್ಳಾರಿ ಜಾಲಿ, ಮತ್ತೊಂದು ಕೋಳಿ ಫಾರಂ.

ನನ್ನ ಪ್ರದೇಶ ರಾಯಚೂರು, ಕೊಪ್ಪಳ, ಬಳ್ಳಾರಿ ಸೀಮೆ. ಕುಡತಿನಿ, ಸಂಗನಕಲ್ಲು, ಪಿಕ್ಲಿಹಾಳ, ಮಸ್ಕಿಯಂಥ ಶಿಲಾಯುಗದ ನೆಲೆ ನೋಡಿದವರಿಗೆ ಉಳಿದದ್ದು ಹೇಳಬೇಕಿಲ್ಲ. ಹಳೆ ವರದಿಗಳಿಂದ ನೂರಿಪ್ಪತ್ತರ ಆಸುಪಾಸು ನೆಲೆಗಳನ್ನು ಪಟ್ಟಿ ಮಾಡಿದೆ. ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶದಲ್ಲಿ ಬಾಹ್ಯಾಕಾಶದಿಂದ ಅಳೆದ ಎಸ್‌ಆರ್‌ಟಿಎಂ ಎತ್ತರದ ದತ್ತಾಂಶ, ಇಳಿಜಾರು, ಮಣ್ಣು, ನೀರಿನ ದೂರ ಎಲ್ಲ ಹಾಕಿ, ಗೊತ್ತಿರುವ ನೆಲೆಗಳಂಥ ಜಾಗ ಬೇರೆಲ್ಲಿದೆ ಅಂತ ಲೆಕ್ಕ ಹಾಕುವ ಮಾದರಿ ತಂತ್ರಾಂಶ ಮ್ಯಾಕ್ಸೆಂಟ್‌ಗೆ ಕೊಟ್ಟೆ. ಎಯುಸಿ, ಅಂದರೆ ಮಾದರಿಯ ಅಂಕ, 0.93 ಬಂತು; 1 ಬಂದರೆ ಪೂರ್ಣ, 0.5 ಅಂದರೆ ಬರೀ ಊಹೆ. ಆ ರಾತ್ರಿ ನಿದ್ದೆ ಬರಲಿಲ್ಲ, ಅಷ್ಟು ಖುಷಿ.

ಬೆಳಗ್ಗೆ ಎದ್ದು ನಕ್ಷೆಯನ್ನು ನಿಧಾನಕ್ಕೆ ನೋಡಿದೆ. ಕೆಂಪು ಪಟ್ಟಿಯೊಂದು ಹಾವಿನಂತೆ ಹರಿದು ಹೋಗಿತ್ತು. ಎಲ್ಲೋ ನೋಡಿದ ಗೆರೆಯಲ್ಲಾ ಅನ್ನಿಸಿತು. ತುಂಗಭದ್ರಾ ಎಡದಂಡೆ ಕಾಲುವೆ! ನಾನು ಇಳಿಸಿಕೊಂಡಿದ್ದ ನೀರಿನ ಪದರದಲ್ಲಿ ಹಳ್ಳದ ಜೊತೆ ಕಾಲುವೆಗಳೂ ಸೇರಿದ್ದವು. ನಾಲ್ಕು ಸಾವಿರ ವರ್ಷದ ಹಿಂದಿನ ಜನ 1950ರ ದಶಕದ ಕಾಲುವೆ ಪಕ್ಕ ಮನೆ ಕಟ್ಟಿಕೊಂಡಿದ್ದರು ಅಂತ ನನ್ನ ಮಾದರಿ ಲೆಕ್ಕ ಹಾಕಿತ್ತು. ಕಾಲುವೆ ಇದ್ದ ಕಡೆ ರಸ್ತೆ ಬಂತು, ರಸ್ತೆ ಇದ್ದ ಕಡೆ ಸಮೀಕ್ಷೆಯವರ ಜೀಪು ಹೋಯಿತು, ಜೀಪು ಹೋದ ಕಡೆ ನೆಲೆ ಸಿಕ್ಕಿತು. ಮಾದರಿ ಕಲಿತದ್ದು ಜೀಪಿನ ದಾರಿಯನ್ನು.

ಎರಡನೇ ಪೆಟ್ಟು ಅಕ್ಷಾಂಶದ್ದು. ಹಳೆ ಟೋಪೋಶೀಟು, ಅಂದರೆ ಸರ್ವೆ ನಕ್ಷೆಯಿಂದ ಬಂದ ಅಂಕಿಗಳು ಎವರೆಸ್ಟ್ ಡೇಟಂ ಎಂಬ ಹಳೆ ಅಳತೆ ಆಧಾರದವು. ಹಾಗೇ ಇಂದಿನ ಜಿಪಿಎಸ್ ಬಳಸುವ ಡಬ್ಲ್ಯುಜಿಎಸ್84ರಲ್ಲಿ ಕೂರಿಸಿದರೆ ನೂರಾರು ಮೀಟರ್ ಜರುಗುತ್ತವೆ. ಇದು ಗೊತ್ತಿತ್ತು, ಸರಿಪಡಿಸಿದ್ದೆ. ಆದರೆ ಡಿಗ್ರಿ-ಮಿನಿಟ್ ಗೊಂದಲ ಕಣ್ಣು ತಪ್ಪಿಸಿತು. 15 ಡಿಗ್ರಿ 30 ಮಿನಿಟ್ (ಅಂದರೆ 15.5) ಅನ್ನುವುದನ್ನು 15.30 ಅಂತ ಟೈಪ್ ಮಾಡಿಬಿಟ್ಟರೆ ಬಿಂದು ಇಪ್ಪತ್ತೆರಡು ಕಿಲೋಮೀಟರ್ ದಕ್ಷಿಣಕ್ಕೆ ಹೋಗಿ ಕೂರುತ್ತದೆ. ಅಂಥವು ಒಂಬತ್ತೋ ಹತ್ತೋ ಇದ್ದವು. ಒಂದಂತೂ ಕೆರೆ ಮಧ್ಯೆ ಇತ್ತು. ಆ ನೆಲೆ ಮುಳುಗಿದೆ ಅಂತ ಟಿಪ್ಪಣಿ ಬೇರೆ ಬರೆದಿಟ್ಟಿದ್ದೆ!

ಇನ್ನು ದುಡ್ಡಿನ ಮಾತು. ಒಂದು ಖಾಸಗಿ ಕಂಪನಿಯಿಂದ ಹೈ ರೆಸಲ್ಯೂಷನ್ ಚಿತ್ರ ಕೊಂಡೆ, ಸುಮಾರು 38 ಸಾವಿರ ಹೋಯಿತು. ಚಿತ್ರ ಬಂತು, ಅಕ್ಟೋಬರ್ ತಿಂಗಳದ್ದು. ಭತ್ತ ಹಸಿರಾಗಿ ನಿಂತಿದೆ, ಮೂಲೆಯಲ್ಲಿ ಮೋಡ. ವಾಪಸ್ ತಗೊಳ್ಳಲ್ಲ ಅಂದರು. ಹೆಂಡತಿಗೆ ಹದಿನೆಂಟು ಸಾವಿರ ಅಂತ ಹೇಳಿದ್ದೆ, ಇದನ್ನು ಓದಿದರೆ ಗೊತ್ತಾಗುತ್ತದೆ. ನಿಜಕ್ಕೂ ಕೆಲಸಕ್ಕೆ ಬಂದದ್ದು ಅಗ್ಗದ ಮಾಲು. ಯುರೋಪಿನ ಸೆಂಟಿನೆಲ್ ಉಪಗ್ರಹದ ಚಿತ್ರ ಪುಕ್ಕಟೆ. ಅಮೆರಿಕದ ಕೊರೋನಾ ಬೇಹುಗಾರಿಕೆ ಉಪಗ್ರಹದ ಅರವತ್ತರ ದಶಕದ ಫೋಟೋಗಳು 1995ರಿಂದ ಎಲ್ಲರಿಗೂ ತೆರೆದಿವೆ. ಯಾರೂ ಸ್ಕ್ಯಾನ್ ಮಾಡಿಸದ ಫ್ರೇಮಿಗೆ 30 ಡಾಲರ್. ಯಾರೋ ಒಮ್ಮೆ ಮಾಡಿಸಿದ್ದರೆ ಆಮೇಲೆ ಪುಕ್ಕಟೆ. ನಾನು ಐದಾರು ಮಾಡಿಸಿದೆ. ಗದ್ದೆಗಾಗಿ ನೆಲ ಮಟ್ಟ ಮಾಡುವ ಮೊದಲು ಸಿಂಧನೂರು, ಗಂಗಾವತಿ ಕಡೆ ಎಷ್ಟು ದಿಬ್ಬಗಳಿದ್ದವು ಅಂತ ನೋಡಿದರೆ ಹೊಟ್ಟೆ ಉರಿಯುತ್ತದೆ.

ಇಷ್ಟಾದ ಮೇಲೆ ಪೂರ್ತಿ ಅಳಿಸಿ ಮತ್ತೆ ಶುರು ಮಾಡಿದೆ. ಕಾಲುವೆ ತೆಗೆದು, ಎತ್ತರದ ದತ್ತಾಂಶದಿಂದಲೇ ಹಳ್ಳಗಳನ್ನು ಬಿಡಿಸಿದೆ. ಹೋಲಿಕೆಗೆ ಮಾದರಿಗೆ ಕೊಡುವ ಹಿನ್ನೆಲೆ ಬಿಂದುಗಳನ್ನೂ ರಸ್ತೆ ಹತ್ತಿರವೇ ಜಾಸ್ತಿ ಆರಿಸಿದೆ, ಜೀಪಿನ ಪಕ್ಷಪಾತ ಎರಡೂ ಕಡೆ ಸಮ ಆಗಲಿ ಅಂತ. ಪರೀಕ್ಷೆಗೆ ಬಿಂದುಗಳನ್ನು ಅಲ್ಲೊಂದು ಇಲ್ಲೊಂದು ಎತ್ತಿಡದೆ, ಇಡೀ ತಾಲ್ಲೂಕನ್ನೇ ಮಾದರಿಗೆ ತೋರಿಸದೆ ಬಚ್ಚಿಟ್ಟೆ. 0.93 ಇದ್ದದ್ದು 0.68ಕ್ಕೆ ಬಿತ್ತು. ಬೇಜಾರಾದರೂ ನಂಬಬಹುದಾದ ಅಂಕಿ ಅದೇ. ಗುಡ್ಡದ ಊರು ಮತ್ತು ಬಯಲಿನ ಬೂದಿದಿಬ್ಬ, ಎರಡನ್ನೂ ಒಂದೇ ಮಾದರಿಗೆ ತುರುಕಿದ್ದು ನನ್ನ ದೊಡ್ಡ ದಡ್ಡತನ. ಮನೆಯವರು ಇರುವ ಜಾಗ ಬೇರೆ, ದನ ಕಟ್ಟುವ ಜಾಗ ಬೇರೆ ಆಗಿರಬಹುದು, ಅಲ್ವಾ? ಉಟ್ನೂರಿನ ಬೂದಿದಿಬ್ಬದ ಅಗೆತದಲ್ಲಿ ದನದ ಗೊರಸಿನ ಗುರುತೇ ಸಿಕ್ಕಿತ್ತು. ಬೂದಿಹಾಳದಲ್ಲಿ ಪುರಾತತ್ವಜ್ಞ ಪದ್ದಯ್ಯನವರು ಬೂದಿದಿಬ್ಬ ಹಿಂದೆ ದನದ ದೊಡ್ಡಿ ಆಗಿತ್ತು ಅನ್ನುವ ಕಥೆಯನ್ನು ಇನ್ನೂ ಗಟ್ಟಿ ಮಾಡಿದರು. ಅಷ್ಟು ಓದಿಯೂ ನಾನು ಎರಡನ್ನೂ ಒಂದೇ ಚೀಲಕ್ಕೆ ಹಾಕಿದ್ದೆ. ಬೇರೆ ಮಾಡಿದ ಮೇಲೆ ಬಯಲಿನ ಮಾದರಿ 0.8ರ ಹತ್ತಿರ ಬಂತು.

ಇಲ್ಲಿ ಸ್ವಲ್ಪ ದಾರಿ ತಪ್ಪುತ್ತೇನೆ. ದನ ಹೇಗೆ ನಡೆಯುತ್ತದೆ ಅಂತ ಗೊತ್ತಾಗಬೇಕಿತ್ತು. ಮನುಷ್ಯರ ನಡಿಗೆಗೆ ಸೂತ್ರ ಇದೆ, ದನಕ್ಕೆ ನನಗೆ ಸಿಕ್ಕಲಿಲ್ಲ. ಹಳೆ ಫೋನೊಂದರಲ್ಲಿ ಜಿಪಿಎಸ್ ಚಾಲೂ ಮಾಡಿ ಒಬ್ಬ ದನಗಾಹಿ ಹುಡುಗನಿಗೆ ಕೊಟ್ಟೆ, ದಿನಕ್ಕೆ ಇನ್ನೂರು ರೂಪಾಯಿ. ಐದನೇ ದಿನ ಫೋನ್ ವಾಪಸ್ ಬಂತು. ತುಂಬಾ ಹಾಡು, ರೀಲ್ಸು. ಒಂದು ದಿನದ ಗೆರೆ ಗಂಟೆಗೆ ನಲವತ್ತು ಕಿಲೋಮೀಟರ್ ವೇಗದಲ್ಲಿ ಪಕ್ಕದೂರಿನ ಜಾತ್ರೆಗೆ ಹೋಗಿತ್ತು. ಉಳಿದ ದಿನಗಳ ಗೆರೆ ಮಾತ್ರ ಚಿನ್ನ. ದನ ಹಳ್ಳದ ಪಕ್ಕಕ್ಕೆ ನೀರಿಗೆ ಬರುತ್ತವೆ, ಆದರೆ ಅಲ್ಲಿ ನಿಲ್ಲುವುದಿಲ್ಲ. ಮಧ್ಯಾಹ್ನ ಮಲಗುವುದು ಸ್ವಲ್ಪ ಮೇಲೆ, ಒಣ ನೆಲದಲ್ಲಿ, ಎರೆ (ಕಪ್ಪು ಮಣ್ಣು) ಮುಗಿದು ಮಸಾರಿ (ಕೆಂಪು ಮಣ್ಣು) ಶುರುವಾಗುವ ಅಂಚಿನಲ್ಲಿ. ನೀರಿಗೆ ಹತ್ತಿರ ಇದ್ದಷ್ಟೂ ಒಳ್ಳೆಯದು ಅಂತ ಅಲ್ಲಿಯತನಕ ಮಾದರಿಗೆ ಹೇಳಿಕೊಟ್ಟಿದ್ದು ನಾನೇ. ಆ ಅಂಚಿನ ಪದರವನ್ನು ಹೇಗೆ ಕಟ್ಟಿದೆ, ಉಪಗ್ರಹ ಚಿತ್ರದ ಯಾವ ಬಣ್ಣಪಟ್ಟಿಗಳನ್ನು (ಬ್ಯಾಂಡು) ಭಾಗಿಸಿದೆ ಅನ್ನುವುದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಮೇ ತಿಂಗಳ ಚಿತ್ರ ಬಳಸಿ ಅಂತ ಮಾತ್ರ ಹೇಳಬಲ್ಲೆ. ಜೋಳ ಕೊಯ್ದು ಎರೆ ಹೊಲ ಬೋಳಾಗಿರುತ್ತದೆ, ಬೂದಿ ಬಿಳಿಚಿಕೊಂಡು ಕಾಣುತ್ತದೆ. ಸುಣ್ಣದ ಹರಳು ತುಂಬಿದ ಹೊಲವೂ ಹಾಗೇ ಕಾಣುತ್ತದೆ, ಎಚ್ಚರ.

ಊರ ಹೆಸರಿನ ಪ್ರಯೋಗವನ್ನೂ ಮಾಡಿದೆ. 'ಬೂದಿ' ಇರುವ ಹೆಸರು, ಕಂದಾಯ ದಾಖಲೆಯ ಬೇಚರಾಕ್ (ಜನ ಬಿಟ್ಟುಹೋದ) ಗ್ರಾಮಗಳು, ಎಲ್ಲ ಹಾಕಿದೆ. ಮಾದರಿ ಒಂದು ಕೂದಲಷ್ಟೂ ಸುಧಾರಿಸಲಿಲ್ಲ. ಆದರೆ ಕಥೆಗಳು ಸಿಕ್ಕವು. ಕುಡತಿನಿಯದು ಹಿಡಿಂಬನನ್ನು ಸುಟ್ಟ ಬೂದಿ, ಹಂಪಿ ಹತ್ತಿರದ ನಿಂಬಾಪುರದ್ದು ವಾಲಿಯನ್ನು ಸುಟ್ಟ ಬೂದಿ ಅನ್ನುವುದು ಹಳೆಯ ಮಾತು. ಪುರಾಣದ ಹೆಣಸುಡುವ ಕಥೆ ಇರುವ ಜಾಗಗಳನ್ನೇ ಬೇರೆ ಪದರ ಮಾಡಬೇಕು ಅಂತ ಒಂದಾಸೆ ಇದೆ.

ಕೊನೆಯ ಪರೀಕ್ಷೆ ನಡಿಗೆಯದು. ಅರ್ಧ ಕಿಲೋಮೀಟರಿನ 36 ಚೌಕ ಆರಿಸಿದೆ. ಹನ್ನೆರಡು ಕೆಂಪು, ಹನ್ನೆರಡು ಹಳದಿ, ಹನ್ನೆರಡು ನೀಲಿ. ಕೆಂಪು ಅಂದರೆ ನೆಲೆ ಸಿಗುವ ಸಾಧ್ಯತೆ ಹೆಚ್ಚು, ಹಳದಿ ಮಧ್ಯಮ, ನೀಲಿ ಕಡಿಮೆ. ಯಾವುದು ಯಾವ ಬಣ್ಣ ಅನ್ನುವ ಹಾಳೆಯನ್ನು ಹೆಂಡತಿ ಬೀರುವಿನಲ್ಲಿಟ್ಟು ಬೀಗ ಹಾಕಿದಳು. ಚೌಕದ ಕ್ರಮವನ್ನೂ ಅವಳೇ ಕಲೆಸಿದಳು. ಗೊತ್ತಿದ್ದು ನಡೆದರೆ ಕೆಂಪು ಚೌಕದಲ್ಲಿ ಕಣ್ಣು ತಾನಾಗಿ ಚುರುಕಾಗುತ್ತದೆ. ನಾನೂ ಒಬ್ಬ ಗೆಳೆಯನೂ 20 ಮೀಟರ್ ಅಂತರದಲ್ಲಿ ಸಾಲು ಹಿಡಿದು ನಡೆದೆವು. ದಿನಕ್ಕೆ ಎರಡು ಚೌಕ, ಅದೂ ಬೆಳಗ್ಗೆ ಆರಕ್ಕೇ ಇಳಿದರೆ. ಎರಡು ಊರಲ್ಲಿ ನಿಧಿ ಅಗೆಯುವವರು ಅಂತ ತಡೆದರು. ಪಂಚಾಯಿತಿ ಕಟ್ಟೆ ಮೇಲೆ ಲ್ಯಾಪ್‌ಟಾಪ್ ತೆರೆದು, ಕೈಯಲ್ಲಿ ಗುದ್ದಲಿ ಇಲ್ಲ ಅಂತ ಚೀಲ ಕೊಡವಿ ತೋರಿಸಬೇಕಾಯಿತು.

ಇಪ್ಪತ್ತಮೂರನೇ ಚೌಕ. ಹನ್ನೊಂದು ಗಂಟೆ ಇರಬಹುದು. ಶೇಂಗಾ ಹೊಲದ ಬದುವಿನಲ್ಲಿ ನನ್ನ ಬೂಟಿನಡಿ ಏನೋ ಕರಕರ ಅಂತು. ಎತ್ತಿಕೊಂಡೆ. ಮುಷ್ಟಿಗಾತ್ರದ ತುಂಡು, ಆದರೆ ಹಗುರ. ಮೈಯೆಲ್ಲ ತೂತು, ಒಂದು ಬದಿ ಕರಗಿ ಗಾಜಿನಂತೆ ಹಸಿರು ಹೊಳಪು. ಕಬ್ಬಿಣದ ಕಿಟ್ಟ ಆಗಿದ್ದರೆ ಕೈ ಜಗ್ಗುತ್ತಿತ್ತು. ಇದು ಜಗ್ಗಲಿಲ್ಲ, ಕರಗಿ ಗಟ್ಟಿಯಾದ ಸಗಣಿ ಬೂದಿ. ಎರಡು ಹೆಜ್ಜೆ ಮುಂದೆ ಬೂದು ಬಣ್ಣದ ಮಡಕೆ ಚೂರು, ಕೈಯಲ್ಲಿ ತಟ್ಟಿದ್ದು, ಮೇಲೆ ಉಜ್ಜಿದ ನುಣುಪು. ಗೆಳೆಯನನ್ನು ಕೂಗಲು ದನಿ ಬರಲಿಲ್ಲ.

ಹೊಲದ ಅಜ್ಜ ಬಂದರು. "ಏನ್ ಹುಡುಕಾಕತ್ತೀರಿ ಸಾಹೇಬ್ರ?"

"ಅಜ್ಜಾರ, ಇಲ್ಲಿ ದಿಬ್ಬ ಇತ್ತೇನ್ರೀ?"

"ಇತ್ತಲ್ರಿ. ಬೂದಿ ಹೊಲ ಅಂತೀವಿ ಇದಕ್ಕ. ನಮ್ಮಪ್ಪ ಬಂಡಿಗಟ್ಲೆ ಹೇರಿ ಗೊಬ್ಬರಕ್ಕ ಒಯ್ದ. ಉಳಿದದ್ದು ನಾ ಟ್ರ್ಯಾಕ್ಟರ್ ಹೊಡೆಸಿ ಸಪಾಟ ಮಾಡೀನಿ. ಯಾಕ್ರಿ, ಸರ್ಕಾರ ಹೊಲ ಕಸಗೊಂತೈತೇನು?"

ಆ ಪ್ರಶ್ನೆಗೆ ಉತ್ತರ ಹೇಳುವುದು ಮಾದರಿ ಕಟ್ಟುವುದಕ್ಕಿಂತ ಕಷ್ಟ ಆಯಿತು. ಫೋಟೋ ತೆಗೆದು, ತುಂಡನ್ನು ಇದ್ದಲ್ಲೇ ಇಟ್ಟು, ಪುರಾತತ್ವ ಇಲಾಖೆಗೆ ಪತ್ರ ಬರೆದೆ. ಜಾಗದ ಹೆಸರು, ಅಂಕಿ ಇಲ್ಲಿ ಕೊಡುವುದಿಲ್ಲ. ನಿಧಿಗಳ್ಳರಿಗೂ ಓದಲು ಬರುತ್ತದೆ.

36 ಚೌಕ ಮುಗಿದ ಮೇಲೆ ಬೀರು ತೆಗೆಸಿದೆ. ಕೆಂಪಿನಲ್ಲಿ ಐದು ಕಡೆ ಹಳೆ ನೆಲೆಯ ಗುರುತು, ಅದರಲ್ಲಿ ಎರಡು ಬೂದಿಯವು. ಹಳದಿಯಲ್ಲಿ ಎರಡು. ನೀಲಿಯಲ್ಲಿ ಒಂದು, ಅದೂ ಬರೀ ನಾಲ್ಕು ಚೂರು. ಚಿಕ್ಕ ಲೆಕ್ಕ, ಒಪ್ಪುತ್ತೇನೆ. ಆದರೆ ಮೂರು ವರ್ಷ, ಒಂದು ಲಕ್ಷದ ಮೇಲೆ ಹತ್ತೋ ಹದಿನೈದೋ ಸಾವಿರ, ಎಂಟು ಜಿಬಿ ರ‍್ಯಾಮಿನ ಲ್ಯಾಪ್‌ಟಾಪು, ಸಂಬಳದ ಕೆಲಸದ ಜೊತೆಗೆ. ಇದಕ್ಕಿಂತ ಕಡಿಮೆಯಲ್ಲಿ ಯಾರಾದರೂ ಮಾಡಿದ್ದರೆ ಹೇಳಿ, ನಾನೇ ಬಂದು ಕಲಿಯುತ್ತೇನೆ.

ಮೊದಲು ನಕ್ಕ ಆ ಹಿರಿಯರನ್ನು ಬೈಕಿನ ಹಿಂದೆ ಕೂರಿಸಿಕೊಂಡು ಆ ಹೊಲಕ್ಕೆ ಹೋದೆ. ಅರ್ಧ ಗಂಟೆ ಮಾತಾಡಲಿಲ್ಲ. ಆಮೇಲೆ, "ನಿನ್ನ ಕಂಪ್ಯೂಟರ್ ಇನ್ನೊಂದು ಹತ್ತು ಮೀಟರ್ ಆ ಕಡೆ ತೋರಿಸಬೇಕಿತ್ತು," ಅಂದರು. ಈ ಮೇ ತಿಂಗಳು ಸುರಪುರದ ಕಡೆ ಹೋಗುವುದಿದೆ, ಅವರೂ ಬರುತ್ತಾರಂತೆ.