ಅಗ್ಗದ ಡ್ಯಾಕ್ ಬೋರ್ಡ್: ಕೊಡಗಿನ ಮನೆಯಲ್ಲಿ ಜೋಡಿಸುವ ಬಗೆ

ಡಿಜಿಟಲ್ ಸಂಗೀತವನ್ನು ಆಂಪ್ಲಿಫೈಯರ್‌ಗೆ ಬೇಕಾದ ಅನಲಾಗ್ ಸಿಗ್ನಲ್ ಆಗಿಸುವುದೇ ಡ್ಯಾಕ್. ಅಂಥ ಪಿಸಿಎಂ5102ಎ ಚಿಪ್ ಇರುವ ನೇರಳೆ ಬಣ್ಣದ ಪುಟ್ಟ ಬೋರ್ಡ್ ಆನ್‌ಲೈನ್‌ನಲ್ಲಿ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್‌ಗೆ ಜೋಡಿಸಿದರೆ ಮನೆಯ ಆಂಪ್ಲಿಫೈಯರ್‌ಗೆ ಧಾರಾಳ ಸಾಕು. ತೊಂದರೆ ಕೊಡುವುದು ಚಿಪ್ ಅಲ್ಲ, ಬೆಸುಗೆ ಮತ್ತು ಕರೆಂಟು.

ಮೊದಲು ಬೋರ್ಡಿನ ಹಿಂಬದಿ ನೋಡಿ. 1, 2, 4ನೇ ಜಂಪರ್‌ಗಳು (ಬೆಸುಗೆಯಿಂದ ಸೇರಿಸುವ ಪುಟ್ಟ ಪ್ಯಾಡ್‌ಗಳು) ಎಲ್ (L) ಕಡೆಗೆ, 3ನೆಯದು ಎಚ್ (H) ಕಡೆಗೆ ಬೆಸೆದಿರಬೇಕು. 3ನೆಯದು ಮ್ಯೂಟ್ ಪಿನ್. ಅದು ಎಲ್ ಕಡೆಗಿದ್ದರೆ ಎಲ್ಲವೂ ಸರಿಯಿದ್ದೂ ಸದ್ದೇ ಬರುವುದಿಲ್ಲ. ಮುಂಬದಿಯಲ್ಲಿ ಎಸ್‌ಸಿಕೆ (SCK) ಎಂಬ ಕ್ಲಾಕ್ ಪಿನ್ ಪಕ್ಕದ ಜೋಡಿ ಪ್ಯಾಡ್ ಮೇಲೂ ಒಂದು ಹನಿ ಸೀಸ ಹಾಕಿ. ಆ ಪಿನ್ ಗ್ರೌಂಡ್‌ಗೆ ಸೇರಿದರೆ ಚಿಪ್ ತನಗೆ ಬೇಕಾದ ಕ್ಲಾಕನ್ನು (ತಾಳ ಹಾಕುವ ಸಿಗ್ನಲ್) ತಾನೇ ತಯಾರಿಸಿಕೊಳ್ಳುತ್ತದೆ. ಹಾಗೇ ಬಿಟ್ಟರೆ ಕರಕರ ಸದ್ದು, ಇಲ್ಲವೇ ಮೌನ.

ಪೈ ಆಫ್ ಮಾಡಿ ವೈರ್ ಜೋಡಿಸಿ: ಬೋರ್ಡಿನ ವಿನ್ (VIN) ಪೈಯ 2ನೇ ಪಿನ್ನಿಗೆ, ಗ್ರೌಂಡ್ (GND) 6ಕ್ಕೆ, ಬಿಸಿಕೆ (BCK) 12ಕ್ಕೆ, ಎಲ್‌ಸಿಕೆ (LCK) 35ಕ್ಕೆ, ಡಿನ್ (DIN) 40ಕ್ಕೆ. ವೈರ್ 10 ಸೆಂ.ಮೀ. ಒಳಗಿರಲಿ. ಬೂಟ್ ಪಾರ್ಟಿಷನ್‌ನ ಕಾನ್ಫಿಗ್ ಫೈಲ್‌ನಲ್ಲಿ ಹೈಫೈಬೆರಿ ಡ್ಯಾಕ್ ಓವರ್‌ಲೇ (dtoverlay=hifiberry-dac ಎಂಬ ಸಾಲು) ಸೇರಿಸಿ ರೀಬೂಟ್ ಮಾಡಿ.

ಔಟ್‌ಪುಟ್ 2.1 ವೋಲ್ಟ್‌ವರೆಗೂ ಹೋಗುತ್ತದೆ, ಬೋರ್ಡಿನಲ್ಲಿ ವಾಲ್ಯೂಮ್ ಇಲ್ಲ. ಆಂಪ್ಲಿಫೈಯರ್ ತಗ್ಗಿಸಿಟ್ಟೇ ಶುರುಮಾಡಿ. ಜ್ಯಾಕ್ ನೋಡಿ ಹೆಡ್‌ಫೋನ್ ಚುಚ್ಚುವ ಆಸೆಯಾಗುತ್ತದೆ, ಬೇಡ: ಈ ಚಿಪ್‌ಗೆ ಕನಿಷ್ಠ 1 ಕಿಲೋಓಮ್ ಲೋಡ್ ಬೇಕು, ಹೆಡ್‌ಫೋನ್ ಸಾಮಾನ್ಯವಾಗಿ 32 ಓಮ್.

ಇನ್ನು ಗುಂಯ್ ಎನ್ನುವ ಸದ್ದು. ಪೈಯನ್ನು ಪವರ್ ಬ್ಯಾಂಕ್‌ನಿಂದ ಓಡಿಸಿ ನೋಡಿ. ಸದ್ದು ನಿಂತರೆ ತಪ್ಪು ಅಡಾಪ್ಟರ್ ಕಡೆಯದು, ಒಳ್ಳೆಯದನ್ನು ಹಾಕಿ. ನಿಲ್ಲದಿದ್ದರೆ ಆಂಪ್ಲಿಫೈಯರ್‌ಗೆ ಟಿವಿ ಮೂಲಕ ಸೇರಿರುವ ಡಿಶ್ ಕೇಬಲ್ ಬಿಚ್ಚಿ ಕೇಳಿ. ಅರ್ಥ್ ಎರಡು ದಾರಿಯಲ್ಲಿ ಸೇರಿದರೂ ಹೀಗಾಗುತ್ತದೆ. ಕರೆಂಟ್ ಹೋದಾಗ ಮಾತ್ರ ಸದ್ದು ಬಂದರೆ ಇನ್ವರ್ಟರನ್ನು ಅನುಮಾನಿಸಿ: ಸ್ಕ್ವೇರ್ ವೇವ್ ಇನ್ವರ್ಟರ್ ಇದ್ದ ಮನೆಯಲ್ಲಿ ಇದು ಮಾಮೂಲು.

ಏಪ್ರಿಲ್-ಮೇ ತಿಂಗಳ ಗುಡುಗಿನ ಸಂಜೆ ಸ್ವಿಚ್ ಆರಿಸಿದರೆ ಸಾಲದು. ಪ್ಲಗ್, ಲ್ಯಾನ್ ಕೇಬಲ್, ಡಿಶ್ ಕೇಬಲ್ ಮೂರನ್ನೂ ಗುಡುಗು ಹತ್ತಿರವಾಗುವ ಮುಂಚೆಯೇ ಕಿತ್ತಿಡಿ.

ಜುಲೈ-ಆಗಸ್ಟ್‌ನ ಕಕ್ಕಡದ ಮಳೆಯ ಕಾಟ ಬೇರೆ ತರಹದ್ದು. ಬೆಸುಗೆ ಚೆನ್ನಾಗಿ ಹಿಡಿಯಲು ಬಳಸುವ ಫ್ಲಕ್ಸ್ ಬೋರ್ಡಿನ ಮೇಲೆ ಅಂಟಂಟಾಗಿ ಉಳಿದರೆ ತೇವ ಹೀರಿ, ಪಿನ್ ಬುಡದಲ್ಲಿ ಹಸಿರು ಕಿಲುಬು ಹಿಡಿಯುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ, ಪೂರ್ತಿ ಒಣಗಿದ ಮೇಲೆ ಕರೆಂಟ್ ಕೊಡಿ. ಬಳಸದ ದಿನಗಳಲ್ಲಿ ಬೋರ್ಡನ್ನು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ.