ಅಣ್ಣನ್ನ ಬಿಟ್ಟು ತಮ್ಮನ ಹಿಂದೆ ಹೋದೆ, ಊರು ಸಿಕ್ತು

ನನ್ನ ಹೆಂಡತಿ ಗ್ಲಾಸ್ಗೋದವಳು. ಅವಳ ಮುತ್ತಾತನ ಅಪ್ಪ ಚಿಕ್ಕ ಹುಡುಗ ಆಗಿದ್ದಾಗ ಐರ್ಲೆಂಡಿಂದ ಬಂದೋನು, ಯಾವ ಊರು ಅಂತ ಮಾತ್ರ ಮನೇಲಿ ಒಬ್ರಿಗೂ ಗೊತ್ತಿಲ್ಲ. "1922ರಲ್ಲಿ ಡಬ್ಲಿನ್ನಿನ ಸರ್ಕಾರಿ ದಾಖಲೆ ಕಚೇರೀಲಿ ಎಲ್ಲಾ ಸುಟ್ಟೋಯ್ತಲ್ಲ, ಸುಮ್ನೆ ದುಡ್ಡು ದಂಡ" ಅಂತ ಭಾವಮೈದ ನಗ್ತಿದ್ದ. ಕ್ಯಾಥೊಲಿಕ್ ಚರ್ಚಿನ ಪುಸ್ತಕಗಳು ಅಲ್ಲಿ ಇರ್ಲೇ ಇಲ್ಲ ಮಾರಾಯ ಅಂದ್ರೆ ಕೇಳ್ಬೇಕಲ್ಲ.

ದುಡ್ಡೇನೋ ದಂಡ ಆಗಿದ್ದು ನಿಜ. ಸ್ಕಾಟ್ಲೆಂಡಿನ ಹಳೇ ದಾಖಲೆಗಳ ಸರ್ಕಾರಿ ವೆಬ್‌ಸೈಟು ಸ್ಕಾಟ್ಲೆಂಡ್ಸ್ ಪೀಪಲ್‌ನಲ್ಲಿ ದಾಖಲೆಯ ಒಂದು ಇಮೇಜಿಗೆ ಆಗ 6 ಕ್ರೆಡಿಟ್, ಅಂದ್ರೆ ಒಂದೂವರೆ ಪೌಂಡು, ಒಂದೇ ಹೆಸರಿನ ಹದಿನೆಂಟೋ ಇಪ್ಪತ್ತೋ ಜನರದ್ದು ತೆಗೆದೆ, ಒಂದು ಬಿಟ್ಟು ಮಿಕ್ಕಿದ್ದೆಲ್ಲ ಬೇರೆಯವರ ಮನೇದು. ಆಮೇಲೆ ದುಡ್ಡು ತಗೊಂಡು ಹುಡುಕಿಕೊಡೋ ಒಬ್ರಿಗೆ ಸುಮಾರು 180 ಪೌಂಡ್ ಕೊಟ್ಟೆ, ಅವರು ಕೊಟ್ಟ ವಂಶವೃಕ್ಷದಲ್ಲಿ ತಾಯಿಗೆ ಒಂಬತ್ತು ವರ್ಷ ಆಗಿದ್ದಾಗ ಮಗ ಹುಟ್ಟಿದ್ದ!

ಸೆನ್ಸಸ್ಸಲ್ಲಿ ಹುಟ್ಟಿದೂರು ಅಂತ 1851ರಿಂದ ಪ್ರತಿಸಲ "ಐರ್ಲೆಂಡ್" ಅಷ್ಟೇ. ಸ್ಕಾಟ್ಲೆಂಡಲ್ಲಿ 1855ರ ಬರ್ತ್ ಸರ್ಟಿಫಿಕೇಟಲ್ಲಿ ಅಪ್ಪ ಅಮ್ಮ ಹುಟ್ಟಿದ ಊರೂ ಬರೀತಿದ್ರಲ್ಲ, ಆ ಒಂದೇ ವರ್ಷ, ಆ ಹುಡುಗನ ಅಮ್ಮ, ನಮ್ಮ ಪುಣ್ಯಾತ್ಗಿತ್ತಿ, 1854ರಲ್ಲೊಂದು 1857ರಲ್ಲೊಂದು ಹೆತ್ತಿದ್ದಾಳೆ. ಡಿಎನ್‌ಎ ಟೆಸ್ಟೂ ಮಾಡಿಸಿದೆ, ದೂರದ ಕಸಿನ್‌ಗಳ ರಾಶಿ ಬಂತು, ಅರ್ಧಕ್ಕರ್ಧ ಜನ ಮೆಸೇಜಿಗೆ ಉತ್ತರಾನೇ ಕೊಡಲ್ಲ. ಮೊದಲ ಮಗನಿಗೆ ಅಪ್ಪನ ಅಪ್ಪನ ಹೆಸರು ಇಡೋ ಪದ್ಧತಿ ನಮ್ಮಲ್ಲಿರೋ ಥರಾನೇ ಅವರಲ್ಲೂ ಇತ್ತು, ಅದನ್ನ ಹಿಡ್ಕೊಂಡು ತಾತನ ಹೆಸರು ಊಹೆ ಮಾಡಿದೆ, ಅದು ಕೊನೆಗೆ ಸರಿಯಾಗೇ ಇತ್ತು ಅನ್ನೋದು ನನ್ನ ಹೆಮ್ಮೆ.

ಗಂಟು ಬಿಚ್ಚಿದ್ದು ತಮ್ಮನಿಂದ. ಐರ್ಲೆಂಡಿಂದ ಬಂದ ಆ ಹುಡುಗನಿಗೊಬ್ಬ ತಮ್ಮ ಇದ್ದ, ಬೇಗ ಸತ್ತ, ಅವನ ಹೆಂಡತಿ ಮೂರು ಮಕ್ಕಳು ಕಟ್ಕೊಂಡು ಪುವರ್ ಲಾ (ಬಡವರಿಗೆ ನೆರವು ಕೊಡೋ ಕಾನೂನು) ಸಹಾಯಕ್ಕೆ ಅರ್ಜಿ ಹಾಕಿದ್ಳು. ಸಹಾಯ ಕೊಡೋ ಹೊಣೆ ಯಾವ ಊರಿನ ಆಡಳಿತದ್ದು, ಅಂದ್ರೆ ಯಾವ ಪ್ಯಾರಿಷ್‌ದು ಅಂತ ಜಗಳ ಬರ್ತಿತ್ತು, ಹಾಗಾಗಿ ಇನ್‌ಸ್ಪೆಕ್ಟರ್ ಹುಟ್ಟಿದೂರನ್ನ ಬಿಡದೆ ಕೇಳ್ತಿದ್ದ. ಗ್ಲಾಸ್ಗೋದ ಮಿಚೆಲ್ ಲೈಬ್ರರಿಲಿ ಆ ಅರ್ಜಿ ಹಾಳೆ ಬಿಡಿಸಿದೆ: ಒಂದೇ ರೂಮು, ಬಾಡಿಗೆ, ಮಕ್ಕಳ ವಯಸ್ಸು, ಕೆಳಗೆ ಗಂಡ ಹುಟ್ಟಿದ್ದು ಐರ್ಲೆಂಡಿನ ಮೊನಘನ್ ಕೌಂಟಿ, ಊರು ಕ್ಯಾರಿಕ್‌ಮ್ಯಾಕ್ರಾಸ್. ಕೈ ನಡುಗ್ತು.

ಅಲ್ಲಿಂದ ಐರ್ಲೆಂಡ್ ನ್ಯಾಷನಲ್ ಲೈಬ್ರರಿ ಹಾಕಿರೋ ಚರ್ಚ್ ಪುಸ್ತಕಗಳು, ಫ್ರೀ. ಎರಡು ರಾತ್ರಿ ಪುಟ ತಿರುವಿದೆ, ಮಾಸಿದ ಇಂಕು, ಸರ್‌ನೇಮ್ ಮೂರು ಥರ ಬರೆದಿದ್ದಾರೆ (ಅದನ್ನ ಪತ್ತೆ ಮಾಡೋಕೆ ನಂದೊಂದು ಉಪಾಯ ಇದೆ, ಅದು ನಂಗೇ ಇರ್ಲಿ). ಅಣ್ಣ ತಮ್ಮ ಇಬ್ರದ್ದೂ ಬ್ಯಾಪ್ಟಿಸಮ್ (ಮಗುವಿನ ಚರ್ಚ್ ದೀಕ್ಷೆ) ದಾಖಲೆ ಸಿಕ್ತು, ಅಮ್ಮನ ತವರಿನ ಹೆಸರು ಸ್ಕಾಟ್ಲೆಂಡ್ ಡೆತ್ ಸರ್ಟಿಫಿಕೇಟಲ್ಲಿದ್ದದ್ದೇ. ಒಟ್ಟು 300 ಪೌಂಡ್ ಮೇಲೇನೇ ಹೋಗಿರ್ಬೇಕು. ಭಾವಮೈದ ಈಗ ಆ ಬ್ಯಾಪ್ಟಿಸಮ್ ಪುಟದ ಪ್ರಿಂಟ್ ಕೇಳ್ತಿದ್ದಾನೆ, ಇನ್ನೂ ಕೊಟ್ಟಿಲ್ಲ.