ದೊರೆಯ ಬೆನ್ನ ಹಿಂದೆ ನಿಂತು ಓದುವುದು

ಕೃತಿಯಲ್ಲಿ ಹೆಣ್ಣನ್ನು ಒಳ್ಳೆಯವಳಾಗಿ ತೋರಿಸಿದ್ದಾರೋ ಕೆಟ್ಟವಳಾಗಿ ತೋರಿಸಿದ್ದಾರೋ ಎಂದು ಲೆಕ್ಕ ಹಾಕುವುದೇ ಸ್ತ್ರೀವಾದಿ ವಿಮರ್ಶೆ ಎಂಬ ನಂಬಿಕೆ ಇನ್ನೂ ಹೋಗಿಲ್ಲ. ನಾನು ಸಂಶೋಧನೆಗೆ ಸೇರಿದಾಗ ಮಾರ್ಗದರ್ಶಕರು ಸೂಚಿಸಿದ್ದೂ ಅಂಥದೇ ವಿಷಯ: ಹಳಗನ್ನಡ ಕಾವ್ಯಗಳಲ್ಲಿ ಸ್ತ್ರೀಪಾತ್ರಗಳು. ಪಾತ್ರಕ್ಕೊಂದು ಅಧ್ಯಾಯ, ಕೊನೆಗೊಂದು ಉಪಸಂಹಾರ. ಗ್ರಂಥಾಲಯದಲ್ಲಿ ಅಂಥ ಪ್ರಬಂಧಗಳಿಗೆ ಬರವಿರಲಿಲ್ಲ. ನನ್ನನ್ನು ಕಾಡುತ್ತಿದ್ದದ್ದು ಬೇರೆ. ಜನ್ನನ ‘ಯಶೋಧರ ಚರಿತೆ’ ಓದುವಾಗಲೆಲ್ಲ ಯಶೋಧರ ರಾಜನ ರಾಣಿ ಅಮೃತಮತಿಯ ಮೇಲೆ ನನಗೆ ಸಿಟ್ಟು ಬರುತ್ತಿತ್ತು. ಆ ಸಿಟ್ಟು ಎಲ್ಲಿಂದ ಬಂತು ಎಂದು ಹುಡುಕಹೊರಟದ್ದೇ ಮುಂದೆ ನನ್ನ ಕಸುಬಾಯಿತು.

1209ರ ಆ ಕಾವ್ಯದಲ್ಲಿ ರಾತ್ರಿ ಅರಮನೆಯಲ್ಲಿ ಮಲಗಿದ್ದ ರಾಣಿ ಮೊದಲು ಕೇಳುವುದು ಮಾವುತ ಅಷ್ಟಾವಂಕನ ಹಾಡನ್ನು. ಮನಸೋತು ಕೆಳದಿಯನ್ನು ಅವನಲ್ಲಿಗೆ ಕಳಿಸುತ್ತಾಳೆ. ಕೆಳದಿ ಅವನ ಕುರೂಪವನ್ನು ಕಂಡು ಹೇಸಿ ಹಿಂದಿರುಗಿ, ಅದನ್ನು ರಾಣಿಗೆ ವರ್ಣಿಸುತ್ತಾಳೆ. ಕಪ್ಪೆಂದು ಕಸ್ತೂರಿಯನ್ನು ಬಿಸಾಡುತ್ತಾರೆಯೇ, ಬಾಗಿದೆಯೆಂದು ಮನ್ಮಥನ ಬಿಲ್ಲನ್ನು ಎಸೆಯುತ್ತಾರೆಯೇ ಎಂಬ ಧಾಟಿಯಲ್ಲಿ ರಾಣಿ ಅವಳಿಗೆ ಉತ್ತರ ಕೊಡುತ್ತಾಳೆ. ಕನ್ನಡದಲ್ಲಿ ಒಲವಿನ ಪರವಾಗಿ ಇಷ್ಟು ಧೈರ್ಯದ ವಾದ ಅಪರೂಪ. ಅಲ್ಲಿಯವರೆಗೆ ನಾವು ಕೇಳುವುದು ಅವಳ ದನಿಯನ್ನು. ಆಮೇಲೆ ರಾಜನಿಗೆ ಅನುಮಾನ ಹುಟ್ಟಿ, ಕತ್ತಿ ಹಿಡಿದು ಅವಳ ಹಿಂದೆ ಹೋಗುತ್ತಾನೆ. ಆ ಗಳಿಗೆಯಿಂದ ಕಾವ್ಯದ ಕಣ್ಣು ಅವನದು. ತಡವಾಗಿ ಬಂದಳೆಂದು ಮಾವುತ ಹೊಡೆಯುವುದನ್ನೂ ಅವಳು ಬೇಡಿಕೊಳ್ಳುವುದನ್ನೂ ನಾವು ನೋಡುವುದು ಮರೆಯಲ್ಲಿರುವ ರಾಜನ ಜೊತೆಯಲ್ಲಿ. ಅವನು ಕತ್ತಿ ಎತ್ತಿದರೆ ನಮ್ಮ ಉಸಿರು ಬಿಗಿಯುತ್ತದೆ, ತಡೆದುಕೊಂಡರೆ ನಾವೂ ಮೆಚ್ಚುತ್ತೇವೆ. ನನ್ನ ಸಿಟ್ಟು ಯಶೋಧರನಿಂದ ಬಂದ ಕಡ. ಜನ್ನ ಎಂಥ ಕಸುಬುದಾರನೆಂದರೆ ನಾನು ಜಾಗ ಬದಲಿಸಿದ್ದು ನನಗೇ ತಿಳಿಯಲಿಲ್ಲ.

ಇದಕ್ಕೆ ಒಂದು ವಿವರಣೆ ಸಿಕ್ಕಿದ್ದು ಅಮೆರಿಕದ ವಿಮರ್ಶಕಿ ಜುಡಿತ್ ಫೆಟರ್ಲಿಯವರಲ್ಲಿ. ಅಮೆರಿಕದ ಕಥನಸಾಹಿತ್ಯ ಹೆಣ್ಣು ಓದುಗರಿಗೆ ಗಂಡಿನಂತೆ ಯೋಚಿಸಲು, ತಮ್ಮ ವಿರುದ್ಧ ತಾವೇ ನಿಲ್ಲಲು ಕಲಿಸುತ್ತದೆ, ಆದ್ದರಿಂದ ಒಪ್ಪಿಕೊಳ್ಳದೆ ಪ್ರತಿರೋಧಿಸುತ್ತಲೇ ಓದಬೇಕು ಎಂದು ಅವರು 1978ರಲ್ಲಿ ವಾದಿಸಿದ್ದರು. ಅದೇ ದಶಕದಲ್ಲಿ ವೊಲ್ಫ್‌ಗಾಂಗ್ ಈಸರ್, ಸ್ಟ್ಯಾನ್ಲಿ ಫಿಶ್ ಮೊದಲಾದವರು ಓದುಗರನ್ನು ವಿಮರ್ಶೆಯ ನಡುಮನೆಗೆ ಕರೆತಂದಿದ್ದರು. ಆದರೆ ಬಂದವರು ಹೆಣ್ಣೋ ಗಂಡೋ ಎಂಬುದು ಆ ಚರ್ಚೆಯಲ್ಲಿ ಏಳಲೇ ಇಲ್ಲ.

ನಮ್ಮ ಕಾವ್ಯಮೀಮಾಂಸೆಯಲ್ಲೂ ಆ ಪ್ರಶ್ನೆ ಏಳಲಿಲ್ಲ. ಅಲ್ಲಿ ಕಾವ್ಯವನ್ನು ಸವಿಯಬಲ್ಲ ಓದುಗನಿಗೆ ಸಹೃದಯ ಎಂದು ಹೆಸರು. ಒಂದು ವಿಚಾರಸಂಕಿರಣದಲ್ಲಿ ಹಿರಿಯರೊಬ್ಬರು ಎದ್ದುನಿಂತು, ‘ಸಹೃದಯನಿಗೆ ಲಿಂಗವಿಲ್ಲಮ್ಮ’ ಎಂದರು. ಸಭೆ ತಲೆದೂಗಿತು. ಕಾಶ್ಮೀರದ ಕಾವ್ಯಮೀಮಾಂಸಕ ಅಭಿನವಗುಪ್ತ ಸಹೃದಯನನ್ನು ವಿವರಿಸುವುದೇ ಅಭ್ಯಾಸದ ಮೂಲಕ, ಕಾವ್ಯವನ್ನು ಮತ್ತೆ ಮತ್ತೆ ಓದಿ ಮನಸ್ಸೆಂಬ ಕನ್ನಡಿ ತಿಳಿಯಾದವನು ಎಂದು. ಹಾಗಾದರೆ ಆ ಅಭ್ಯಾಸ ಯಾರಿಗೆ ದೊರಕಿತ್ತು, ಯಾವ ಕಾವ್ಯಗಳಿಂದ ದೊರಕಿತ್ತು ಎಂದು ನಾನು ಕೇಳಿದೆ. ಊಟದ ಹೊತ್ತಾಯಿತೆಂದು ಗೋಷ್ಠಿ ಮುಗಿಸಿದರು. ವಿಚಾರಸಂಕಿರಣಗಳಲ್ಲಿ ಊಟ ಬಹಳ ಕೆಲಸ ಮಾಡುತ್ತದೆ.

ಪ್ರತಿರೋಧದ ಓದು ಒಂದು ಹಂತದವರೆಗೆ ಚೆನ್ನಾಗಿ ಸಾಗಿತು. ಸಂಚಿಯ ಹೊನ್ನಮ್ಮನ ‘ಹದಿಬದೆಯ ಧರ್ಮ’ ಕೈಗೆ ಬಂದಾಗ ಅದು ಸಾಲದಾಯಿತು. ಹದಿನೇಳನೆಯ ಶತಮಾನದ ಕೊನೆಯಲ್ಲಿ, ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆ ಅಡಿಕೆಯ ಸಂಚಿ ಹಿಡಿಯುತ್ತಿದ್ದ ಹೆಣ್ಣು ಸಾಂಗತ್ಯವೆಂಬ ಹಾಡುವ ಛಂದಸ್ಸಿನಲ್ಲಿ ಬರೆದ ಕಾವ್ಯ ಅದು. ಹೆತ್ತವಳು ಹೆಣ್ಣಲ್ಲವೇ, ಪೊರೆದವಳು ಹೆಣ್ಣಲ್ಲವೇ ಎಂದು ಕೇಳುವ ಪದ್ಯ ಎಲ್ಲ ಮಹಿಳಾ ದಿನಾಚರಣೆಗಳಲ್ಲೂ ಮೊಳಗುತ್ತದೆ. ಉಳಿದದ್ದೆಲ್ಲ ಪತಿವ್ರತೆಯ ನಡೆನುಡಿಯ ಬೋಧೆ. ಅದನ್ನು ಯಾರೂ ವೇದಿಕೆಗೆ ತರುವುದಿಲ್ಲ. ಒಂದು ಪದ್ಯವನ್ನು ಕಿತ್ತುಕೊಂಡು ಮಿಕ್ಕ ಕಾವ್ಯವನ್ನು ಮುಚ್ಚಿಡುವುದು ಗೌರವವಲ್ಲ ಎಂದು ನನಗೆ ಈಗಲೂ ಅನ್ನಿಸುತ್ತದೆ.

ಇಲ್ಲಿ ನೆರವಾದದ್ದು ಸ್ತ್ರೀವಾದಿ ವಿಮರ್ಶಕಿ ಪ್ಯಾಟ್ರೊಸಿನಿಯೊ ಶ್ವೈಕಾರ್ಟ್ 1986ರಲ್ಲಿ ಪ್ರಕಟಿಸಿದ ಪ್ರಬಂಧ. ಗಂಡಸರ ಕೃತಿಯನ್ನು ಓದುವ ಬಗೆಯೇ ಬೇರೆ, ಹೆಂಗಸರ ಕೃತಿಯನ್ನು ಓದುವ ಬಗೆಯೇ ಬೇರೆ ಎಂಬುದು ಅವರ ನಿಲುವು. ಅಮೆರಿಕದ ಕವಯಿತ್ರಿ ಎಮಿಲಿ ಡಿಕಿನ್ಸನ್ ಕುರಿತು ಇನ್ನೊಬ್ಬ ಕವಯಿತ್ರಿ ಏಡ್ರಿಯನ್ ರಿಚ್ ಬರೆದದ್ದನ್ನು ಮಾದರಿಯಾಗಿಟ್ಟುಕೊಂಡು, ಲೇಖಕಿಯ ಬದುಕಿನ ಸಂದರ್ಭಕ್ಕೆ ನಡೆದುಹೋಗಬೇಕು, ಆದರೆ ಓದುತ್ತಿರುವ ತನ್ನ ಸಂದರ್ಭವನ್ನು ಮರೆಯಬಾರದು ಎನ್ನುತ್ತಾರೆ. ಹೊನ್ನಮ್ಮನನ್ನು ಹಾಗೆ ಓದಲು ಕುಳಿತೆ. ಬೋಧೆಯ ಪದ್ಯಗಳನ್ನು ಬಿಡದೆ, ಆ ಪ್ರಶ್ನೆ ಎಲ್ಲಿ ಏಳುತ್ತದೆ, ಅದಕ್ಕೆ ಮೊದಲು ಏನಿದೆ, ನಂತರ ಏನಿದೆ ಎಂದು ಗುರುತು ಹಾಕಿಕೊಂಡೆ. ಅರಮನೆಯ ಅನ್ನ ಉಣ್ಣುವವಳು ಅರಮನೆಗೆ ಒಪ್ಪುವ ವಸ್ತುವನ್ನೇ ಹಿಡಿದು, ಅದರೊಳಗೇ ಹೆಣ್ಣನ್ನು ಹೀಗಳೆಯುವವರನ್ನು ಕುರುಡರೆಂದು ಬೈಯುತ್ತಾಳೆ. ಅವಳನ್ನು ಬಂಡಾಯಗಾರ್ತಿಯಾಗಿಸುವುದೂ ಸುಲಭ, ಗಂಡಾಳಿಕೆಯ ವಕ್ತಾರಳೆಂದು ತಳ್ಳಿಹಾಕುವುದೂ ಸುಲಭ. ಎರಡನ್ನೂ ಬಿಟ್ಟು ಬರೆದ ಅಧ್ಯಾಯವೇ ನನಗೆ ಹೆಚ್ಚು ಬೆವರು ಹರಿಸಿತು.

ತರಗತಿಯಲ್ಲಿ ನಾನು ಸಿದ್ಧಾಂತದಿಂದ ಶುರು ಮಾಡುವುದಿಲ್ಲ. ಪಠ್ಯಭಾಗ ಕೊಟ್ಟು, ಪ್ರತಿ ಪದ್ಯದ ಪಕ್ಕದಲ್ಲಿ ‘ಇಲ್ಲಿ ನಾನು ಯಾರ ಪಕ್ಕ ನಿಂತಿದ್ದೇನೆ’ ಎಂದು ಬರೆಯಲು ಹೇಳುತ್ತೇನೆ. ಗಂಡುಮಕ್ಕಳು ಮೊದಮೊದಲು ಮುಜುಗರಪಡುತ್ತಾರೆ. ನಾವು ಹೆಣ್ಣಾಗಿ ಓದುವುದು ಹೇಗೆ ಎಂದು ಕೇಳುತ್ತಾರೆ. ಹೆಣ್ಣಾಗಿ ಹುಟ್ಟಿದ ಮಾತ್ರಕ್ಕೆ ಆ ಓದು ತಾನಾಗಿ ಬರುವುದಿಲ್ಲ, ಯಶೋಧರನ ಬೆನ್ನ ಹಿಂದೆ ವರ್ಷಗಟ್ಟಲೆ ನಿಂತ ನಾನೇ ಅದಕ್ಕೆ ಸಾಕ್ಷಿ ಎನ್ನುತ್ತೇನೆ.

ಒಮ್ಮೆ ದಲಿತ ವಿದ್ಯಾರ್ಥಿನಿಯೊಬ್ಬಳು ಹಾಳೆಯ ಅಂಚಿನಲ್ಲಿ ರಾಣಿಯ ಹೆಸರನ್ನೂ ಬರೆದಿರಲಿಲ್ಲ, ರಾಜನ ಹೆಸರನ್ನೂ ಬರೆದಿರಲಿಲ್ಲ. ‘ಮೇಡಂ, ಅಷ್ಟಾವಂಕನ ಮೈಯನ್ನು ವರ್ಣಿಸುವಾಗ ತರಗತಿಯೆಲ್ಲ ನಕ್ಕಿತು. ನಾನು ನಿಲ್ಲುವುದೆಲ್ಲಿ?’ ಎಂದು ಕೇಳಿದಳು. ಕೀಳು ಕೆಲಸ, ಕೆಟ್ಟ ಮೈ, ಕೆಟ್ಟ ನಡತೆ, ಈ ಮೂರನ್ನೂ ಒಂದೇ ಗಂಟಿಗೆ ಕಟ್ಟುವುದು ಆ ವರ್ಣನೆಯ ಕೆಲಸ. ರಾಣಿಯ ಬಿಡುಗಡೆಯನ್ನು ಕೊಂಡಾಡುವ ಓದು ಆ ಗಂಟನ್ನು ಮುಟ್ಟದೆ ದಾಟಿಹೋಗಬಹುದು. ಈಗ ಆ ಪಾಠವನ್ನು ಕೆಳದಿಯ ಮಾತಿನಿಂದಲೇ ಆರಂಭಿಸುತ್ತೇನೆ. ಅಮೃತಮತಿಯ ಚರ್ಚೆ ಎರಡನೆಯ ದಿನಕ್ಕೆ.